ಕಲ್ಲು ನಿಲ್ಲಿಸಿದೆವು, ಕಲ್ನಾಡು ಮರೆತೆವು

(ಮದ್ದೂರು ತಾಲೂಕಿನ ಕಾಲೇಜೊಂದರಲ್ಲಿ 2025ರ ನವೆಂಬರಿನಲ್ಲಿ ನಡೆದ ರಾಜ್ಯೋತ್ಸವ ಸಭೆಯ ಉಪನ್ಯಾಸ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗಷ್ಟೇ ಈ ವೇದಿಕೆಯ ಮೇಲೆ ಮೂವರಿಗೆ ಸನ್ಮಾನ ಆಯಿತು. ಒಬ್ಬರು ನಿವೃತ್ತ ಹವಾಲ್ದಾರರು, ಒಬ್ಬರು ಹೆಡ್ ಕಾನ್‌ಸ್ಟೆಬಲ್, ಇನ್ನೊಬ್ಬರು ಮೂವತ್ತು ವರ್ಷ ಹಳ್ಳಿಶಾಲೆಯಲ್ಲಿ ಪಾಠ ಹೇಳಿದ ಮೇಷ್ಟ್ರು. ಶಾಲು, ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಬಂದವು. ಹಿಂದಿನ ಬ್ಯಾನರಿನಲ್ಲಿ ‘ನಮ್ಮ ನಿಜವಾದ ಹೀರೋಗಳು’ ಎಂದು ಬರೆದಿದ್ದೀರಿ. ನೀವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ಆ ಚಪ್ಪಾಳೆ ಮನಸ್ಸಿನಿಂದ ಬಂದದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಚಪ್ಪಾಳೆ ನಿಂತ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ ಮಾತಾಡಬೇಕು ಎಂದು ಬಂದಿದ್ದೇನೆ.

ನಾನು ಇತಿಹಾಸದ ಮೇಷ್ಟ್ರು. ಹಾಗಾಗಿ ಶಾಸನದಿಂದಲೇ ಶುರು ಮಾಡುತ್ತೇನೆ.

ನಿಮ್ಮೂರಿನ ಕೆರೆ ಏರಿಯ ಮೇಲೋ, ಮಾರಿಗುಡಿಯ ಹಿಂದೆಯೋ ಒಂದು ವೀರಗಲ್ಲು ಇದ್ದೇ ಇರುತ್ತದೆ. ಕನ್ನಡ ನಾಡಿನಲ್ಲಿ ಸಿಗುವಷ್ಟು ವೀರಗಲ್ಲು ದೇಶದ ಬೇರೆಡೆ ಸಿಗುವುದಿಲ್ಲ. ಸಾಮಾನ್ಯವಾಗಿ ಅದರಲ್ಲಿ ಮೂರು ಹಂತ. ಕೆಳಗೆ ಕಾದಾಟ, ನಡುವೆ ಸತ್ತವನನ್ನು ದೇವಕನ್ಯೆಯರು ಕರೆದೊಯ್ಯುವುದು, ಮೇಲೆ ಕೈಲಾಸದ ಲಿಂಗದ ಮುಂದೆ ಅವನು ಕೈಮುಗಿದು ಕೂತಿರುವುದು. ಅತ್ತಿತ್ತ ಸೂರ್ಯ ಚಂದ್ರ. ಇವರಲ್ಲಿ ಬಹಳ ಮಂದಿ ರಾಜರಲ್ಲ. ತುರುಗೋಳಿನಲ್ಲಿ, ಅಂದರೆ ಊರಿನ ದನ ಹೊಡೆದುಕೊಂಡು ಹೋಗಲು ಬಂದವರ ಮೇಲೆ ಬಿದ್ದು ಸತ್ತವರು. ಊರಳಿವಿನಲ್ಲಿ, ಅಂದರೆ ಊರನ್ನು ಹಾಳುಗೆಡವಲು ಬಂದವರನ್ನು ತಡೆಯುತ್ತಾ ಸತ್ತವರು. ಹೆಣ್ಣುಮಕ್ಕಳ ಮೇಲೆ ಕೈಮಾಡಿದವರನ್ನು ತಡೆಯಲು ಹೋಗಿ ಸತ್ತವರು. ಇವತ್ತಿನ ಮಾತಿನಲ್ಲಿ ಪೊಲೀಸ್ ಕೆಲಸವನ್ನೂ ಸೈನಿಕನ ಕೆಲಸವನ್ನೂ ಒಟ್ಟಿಗೆ ಮಾಡಿದ ಊರಿನ ಆಳುಗಳು.

ಕಲ್ಲು ನಮ್ಮ ಕಣ್ಣಿಗೆ ಬೀಳುತ್ತದೆ. ಕಲ್ಲಿನ ಮೇಲಿನ ಸಾಲುಗಳನ್ನು ಮಾತ್ರ ಓದುವುದಿಲ್ಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಬೇಗೂರಿನ ವೀರಗಲ್ಲು ಒಂದಿದೆ. ಗಂಗ ದೊರೆ ಎರೆಯಪ್ಪನ ಕಾಲದ್ದು. ದೊರೆ ತನ್ನ ದಂಡಿನ ಜೊತೆ ನಾಗತ್ತರ ಎಂಬುವನನ್ನು ಅಯ್ಯಪದೇವನ ನೆರವಿಗೆ ಕಳಿಸುತ್ತಾನೆ. ನಾಗತ್ತರ ತುಂಬೆಪಾಡಿಯ ಕಾಳಗದಲ್ಲಿ ಆನೆಗಳ ಎದುರು ಕಾದಿ ಸಾಯುತ್ತಾನೆ. ಸುದ್ದಿ ಕೇಳಿದ ಎರೆಯಪ್ಪ ಇರುಗ ಎಂಬುವನಿಗೆ ನಾಗತ್ತರನ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ ಎಂದು ಶಾಸನ ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ ಆ ಊರುಗಳ ಹೆಸರನ್ನು ಒಂದೊಂದಾಗಿ ಬರೆಯುತ್ತದೆ. ನಾಳೆ ಯಾರೂ ತಕರಾರು ತೆಗೆಯಬಾರದು ಎಂದು.

ಕಲ್ನಾಡು. ಈ ಮಾತನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ಕಲ್ಲಿನ ಜೊತೆ ಕೊಟ್ಟ ನಾಡು. ಇದಕ್ಕೆ ಒಡಹುಟ್ಟಿದ ಮಾತುಗಳು ಇನ್ನೂ ಇವೆ. ನೆತ್ತರು ಸುರಿಸಿದ್ದಕ್ಕೆ ಕೊಟ್ಟದ್ದು ನೆತ್ತರುಗೊಡಗೆ. ಕತ್ತಿ ತೊಳೆದು ಕೊಟ್ಟದ್ದು ಬಾಳ್ಗಚ್ಚು. ಊರೂರಿಗೆ ಕಾಣುವ ಕೊಡಿಗೇಹಳ್ಳಿಗಳ ಹೆಸರಿನಲ್ಲಿ ಉಳಿದಿರುವುದು ಇಂಥ ಕೊಡಗಿಯ ನೆನಪೇ.

ನಮ್ಮದೇ ತಾಲೂಕಿನ ಆತಕೂರಿನ ಕಲ್ಲಂತೂ ಇನ್ನೂ ಸೊಗಸು. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಅವನ ಆಳು ಮಣಲೇರ ಚೆನ್ನಾಗಿ ಕಾದಿದ. ಏನು ಬೇಕು ಕೇಳು ಎಂದಾಗ ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯೊಂದರ ಜೊತೆ ಕಾದಿ, ಎರಡೂ ಒಟ್ಟಿಗೆ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಕಲ್ಲಿನ ಪೂಜೆಗೆ ಕೆರೆಯ ಕೆಳಗೆ ಭೂಮಿ ಬಿಟ್ಟರು. ಅದೇ ಕಲ್ಲಿನಲ್ಲಿ ಮಣಲೇರನಿಗೆ ಆತಕೂರು ಹನ್ನೆರಡು ಬಾಳ್ಗಚ್ಚಾಗಿ ಸಿಕ್ಕ ಮಾತೂ ಇದೆ. ಕೊನೆಗೆ ಒಂದು ಎಚ್ಚರಿಕೆ: ಗುಡಿ ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ. ಉಳಿದಿರುವವನ ತುತ್ತಿಗೆ ಸತ್ತವನ ನೆನಪನ್ನು ಕಟ್ಟಿಹಾಕಿದ್ದಾರೆ, ನೋಡಿ.

ಆ ಕಾಲ ಚಿನ್ನದಂಥದ್ದು ಎಂದು ನಾನು ಹೇಳುತ್ತಿಲ್ಲ. ವೀರಗಲ್ಲಿನ ಪಕ್ಕದಲ್ಲೇ ಮಾಸ್ತಿಕಲ್ಲು ಇರುತ್ತದೆ. ಬಳೆ ತೊಟ್ಟ ಒಂದು ತೋಳು, ಮೇಲೆತ್ತಿದ ಅಂಗೈ. ಗಂಡ ವೀರನಾಗಿದ್ದಕ್ಕೆ ಹೆಂಡತಿ ಬೆಂಕಿಗೆ ಬಿದ್ದಳು. ವೀರನನ್ನು ಮಾಡುವ ಸಮಾಜ ಅದರ ಬೆಲೆಯನ್ನು ಅವನ ಮನೆಯ ಹೆಣ್ಣಿನಿಂದ ವಸೂಲಿ ಮಾಡಿದೆ. ಅದು ಮುಗಿದ ಕತೆ ಎಂದುಕೊಳ್ಳಬೇಡಿ. ಶೌರ್ಯ ಪ್ರಶಸ್ತಿ ಪಡೆದು ಸತ್ತ ಸೈನಿಕನ ಹೆಂಡತಿಗೆ ಆ ಪ್ರಶಸ್ತಿಯ ಭತ್ಯೆ ಬರುತ್ತದೆ. ಆಕೆ ಮರುಮದುವೆಯಾದರೆ ಅದು ನಿಲ್ಲುತ್ತಿತ್ತು. ಗಂಡನ ತಮ್ಮನನ್ನೋ ಅಣ್ಣನನ್ನೋ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ರಕ್ಷಣಾ ಸಚಿವಾಲಯ ಈ ಷರತ್ತನ್ನು ತೆಗೆದದ್ದು 2017ರ ನವೆಂಬರಿನಲ್ಲಿ. ಅಲ್ಲಿಯವರೆಗೂ ನಾವು ಆಕೆಯನ್ನು ವೀರನಾರಿ ಎಂದು ಕರೆಯುತ್ತಲೇ ಇದ್ದೆವು.

ಇಷ್ಟು ಹೇಳಿದ ಮೇಲೂ ಹಳೆಯವರು ಒಂದು ವಿಷಯದಲ್ಲಿ ನೇರವಾಗಿದ್ದರು ಅನ್ನಿಸುತ್ತದೆ. ಹೊಗಳಿಕೆ ಕಲ್ಲಿನ ಮೇಲ್ಭಾಗದಲ್ಲಿ, ಲೆಕ್ಕ ಕೆಳಭಾಗದಲ್ಲಿ. ಎರಡೂ ಒಂದೇ ಕಲ್ಲಿನಲ್ಲಿ. ನಮ್ಮ ಕಾಲಕ್ಕೆ ಬರುವಾಗ ಕಲ್ಲು ಉಳಿಯಿತು, ಕಲ್ನಾಡು ಬಿಟ್ಟುಹೋಯಿತು. ಎಲ್ಲೆಲ್ಲಿ ಎಂದು ನೋಡೋಣ.

2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಮಂದಿ ಸತ್ತರು. ಅದರಲ್ಲಿ ನಮ್ಮ ತಾಲೂಕಿನ ಗುಡಿಗೆರೆಯ ಎಚ್. ಗುರು ಒಬ್ಬರು. ಅಂತ್ಯಸಂಸ್ಕಾರದ ದಿನ ಸೇರಿದ ಜನಸಾಗರವನ್ನು ಇಲ್ಲಿರುವ ಹಲವರು ನೋಡಿದ್ದೀರಿ, ಅಳುತ್ತಾ ನಿಂತಿದ್ದೀರಿ. ಆ ದಿನ ಯಾರಿಗೂ ಸೇನೆ ಬೇರೆ, ಸಿಆರ್‌ಪಿಎಫ್ ಬೇರೆ ಅನ್ನಿಸಲಿಲ್ಲ. ಕಡತಕ್ಕೆ ಮಾತ್ರ ಅನ್ನಿಸುತ್ತದೆ. 2004ರ ಜನವರಿಯಿಂದ ಈಚೆಗೆ ಸಿಆರ್‌ಪಿಎಫ್, ಬಿಎಸ್‌ಎಫ್ ಸೇರಿದವರನ್ನು ಹೊಸ ಪಿಂಚಣಿ ಪದ್ಧತಿಗೆ ಹಾಕಿದರು, ಸೇನೆಯವರಿಗೆ ಹಳೆಯದನ್ನೇ ಉಳಿಸಿದರು. ಒಂದೇ ಹಿಮ, ಒಂದೇ ಗುಂಡು, ನಿವೃತ್ತಿಯಾದ ಮೇಲಿನ ಬದುಕು ಬೇರೆ ಬೇರೆ. ನಾವು ಬಾಯ್ತುಂಬ ಹೇಳುವ ‘ಹುತಾತ್ಮ’ ಎಂಬ ಮಾತನ್ನು ಅಧಿಕೃತವಾಗಿ ಬಳಸುವುದೇ ಇಲ್ಲ ಎಂದು ಕೇಂದ್ರ ಸರ್ಕಾರ ಸಂಸತ್ತಿನಲ್ಲೇ ಹೇಳಿದೆ. ಆ ಮಾತು ನಮ್ಮ ಭಾಷಣದಲ್ಲಿದೆ, ಫ್ಲೆಕ್ಸಿನಲ್ಲಿದೆ, ಆದೇಶದಲ್ಲಿ ಇಲ್ಲ.

2022ರಲ್ಲಿ ಸೇನಾ ನೇಮಕಾತಿಯ ಅಗ್ನಿಪಥ ಯೋಜನೆ ಬಂತು. ಹುದ್ದೆಯ ಹೆಸರಲ್ಲೇ ವೀರ ಇದ್ದಾನೆ: ಅಗ್ನಿವೀರ. ನಾಲ್ಕು ವರ್ಷದ ಸೇವೆ, ನಾಲ್ವರಲ್ಲಿ ಒಬ್ಬನನ್ನಷ್ಟೇ ಮುಂದುವರಿಸುವುದು, ಉಳಿದವರಿಗೆ ಸುಮಾರು 11.71 ಲಕ್ಷದ ಗಂಟು. ಪಿಂಚಣಿ ಇಲ್ಲ. ಇದು ಸೇನೆಗೆ ಒಳ್ಳೆಯದೇ ಕೆಟ್ಟದೇ ಎಂದು ಸೇನೆಯ ವಿಷಯ ಬಲ್ಲವರು ವಾದಿಸಲಿ. ನನ್ನ ಕಣ್ಣಿಗೆ ಬಿದ್ದದ್ದು ಇಷ್ಟೇ: ವೀರ ಎಂಬ ಮಾತು ಹೆಸರಿಗೇ ಸೇರಿದ ದಿನವೇ ಕಲ್ನಾಡು ಹೋಯಿತು.

ಸಿಯಾಚಿನ್ ನೆನಪಿದೆಯೇ? 2016ರ ಫೆಬ್ರುವರಿ 3ರಂದು ಸೋನಂ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಆರು ದಿನದ ಮೇಲೆ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕರು. ಇಡೀ ನಾಡು ಪೂಜೆ, ಪ್ರಾರ್ಥನೆ ಮಾಡಿತು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ನಾನೂ ಆ ಮೂರು ದಿನ ರೇಡಿಯೋ ಬಿಟ್ಟು ಏಳಲಿಲ್ಲ. ಅದೇ ಹಿಮದಡಿ ಹಾಸನದ ತೇಜೂರಿನ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ್ ಕೂಡ ಇದ್ದರು. ಈ ಸಭೆಯಲ್ಲಿ ಹನುಮಂತಪ್ಪ ಕೊಪ್ಪದರ ಹೆಸರು ಗೊತ್ತಿರುವವರು ಕೈಯೆತ್ತಿ ಎಂದರೆ ಬಹುಪಾಲು ಕೈಗಳು ಮೇಲೇಳುತ್ತವೆ. ಇನ್ನಿಬ್ಬರ ಹೆಸರಿಗೆ? (ಎರಡು ಕೈ ಎದ್ದವು.) ಬೈಯಲು ಕೇಳುತ್ತಿಲ್ಲ. ನಮ್ಮ ಮನಸ್ಸಿಗೆ ಪವಾಡ ಬೇಕು, ಕತೆ ಬೇಕು. ಸುಮ್ಮನೆ ಕೆಲಸ ಮಾಡುತ್ತಾ ಸತ್ತವನಿಗೆ ಕತೆ ಇರುವುದಿಲ್ಲ.

ಇನ್ನು ಪೊಲೀಸರು. ಇದು ಕಷ್ಟದ ಭಾಗ. ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಸೈನಿಕ ದೂರದಲ್ಲಿರುತ್ತಾನೆ, ಪ್ರೀತಿಸುವುದು ಸುಲಭ. ಪೊಲೀಸ್ ನಮ್ಮ ಸರ್ಕಲ್ಲಿನಲ್ಲಿ ನಿಂತಿರುತ್ತಾನೆ. ಊಟ ಮಾಡದ ಮಗುವಿಗೆ ‘ಪೊಲೀಸ್ ಬರ್ತಾನೆ’ ಎಂದು ಹೆದರಿಸುವವರು ನಾವೇ, ಅಕ್ಟೋಬರ್ 21ಕ್ಕೆ ‘ಆರಕ್ಷಕರಿಗೆ ನಮನ’ ಎಂದು ಸ್ಟೇಟಸ್ ಹಾಕುವವರೂ ನಾವೇ. 1959ರ ಆ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಪಡೆಯ ಗುಂಡಿಗೆ ಹತ್ತು ಪೊಲೀಸರು ಬಲಿಯಾದರು. ಅದಕ್ಕೇ ಆ ದಿನ ಪ್ರತಿ ಜಿಲ್ಲೆಯ ಕವಾಯತು ಮೈದಾನದಲ್ಲಿ ವರ್ಷದೊಳಗೆ ಸತ್ತ ಪೊಲೀಸರ ಹೆಸರು ಓದುತ್ತಾರೆ. ಒಮ್ಮೆ ಹೋಗಿ ಕೇಳಿ. ಎರಡು ನಿಮಿಷ ಕೇಳಿದರೆ ಮೈ ತಣ್ಣಗಾಗುತ್ತದೆ.

ಸಾಯದೆ ಉಳಿದವರ ಕತೆ? 2016ರ ಜೂನ್ 4ಕ್ಕೆ ಕರ್ನಾಟಕದ ಪೊಲೀಸರು ಸಾಮೂಹಿಕ ರಜೆ ಹಾಕುತ್ತಾರೆ ಎಂದು ದೊಡ್ಡ ಸುದ್ದಿಯಾಯಿತು. ಅವರು ಕೇಳಿದ್ದು ವಾರದ ರಜೆ, ಹೊತ್ತು ಗೊತ್ತಿರುವ ಪಾಳಿ, ಸರಿಯಾದ ಸಂಬಳ, ಮೇಲಧಿಕಾರಿಗಳ ಕಿರುಕುಳಕ್ಕೆ ಕಡಿವಾಣ. ಪೊಲೀಸರು ಸಂಘ ಕಟ್ಟುವುದಕ್ಕೆ 1966ರ ಕಾಯ್ದೆಯ ತಡೆ ಇದೆ, ಆದ್ದರಿಂದ ಕೆಲವೆಡೆ ಅವರ ಹೆಂಡಿರು ಮಕ್ಕಳು ಮಾತಾಡಿದರು. ಮುಂದಾಳಾಗಿ ನಿಂತವರ ಮೇಲೆ ರಾಜದ್ರೋಹದ ಪ್ರಕರಣ ಬಿತ್ತು. ವಾರದ ರಜೆ ಕೇಳಿದ್ದಕ್ಕೆ ರಾಜದ್ರೋಹ! ಆಮೇಲೆ ಔರಾದಕರ್ ಸಮಿತಿಯ ವರದಿ, ವೇತನದಲ್ಲಿ ಒಂದಷ್ಟು ಹೆಚ್ಚಳ ಎಲ್ಲ ಆಯಿತು ಅನ್ನಿ. ಆ ಜೂನಿನಲ್ಲಿ ಬಹಳ ಜನ ಆಡಿದ ಮಾತು ನನಗೆ ಇನ್ನೂ ಚುಚ್ಚುತ್ತದೆ: ‘ದೇಶಸೇವೆ ಮಾಡೋರು ಹಿಂಗೆಲ್ಲ ಕೇಳಬಾರದು.’ ಹೀರೋ ಎಂದು ಕರೆಯುವುದರಲ್ಲಿರುವ ಕುಣಿಕೆ ಇದು. ಕೂಲಿಯಾಳು ಕೂಲಿ ಕೇಳಬಹುದು. ಹೀರೋ ಕೇಳಿದರೆ ಅವನು ಹೀರೋ ಆಗಿ ಉಳಿಯುವುದಿಲ್ಲ.

ಇನ್ನೊಂದು ಕುಣಿಕೆ ಇದೆ, ಅದು ಇದಕ್ಕಿಂತ ಬಿಗಿ. ಮಲೆ ಮಹದೇಶ್ವರ ಬೆಟ್ಟದ ಕಾಡಿಗೆ ಬನ್ನಿ. ಗೋಪಿನಾಥಂನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಇದ್ದರು. ವೀರಪ್ಪನ್‌ನ ಸ್ವಂತ ಊರಿನಲ್ಲಿ ನಿಂತು ಜನಕ್ಕೆ ಔಷಧಿ ಕೊಡಿಸಿದರು, ಕುಡಿಯುವ ನೀರು ತರಿಸಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. ಶರಣಾಗುತ್ತೇನೆ ಎಂಬ ಮಾತು ನಂಬಿ ಹೋದ ಶ್ರೀನಿವಾಸರನ್ನು ವೀರಪ್ಪನ್ ಕಡೆಯವರು 1991ರ ನವೆಂಬರ್ 10ರಂದು ಕೊಂದರು. ಕೀರ್ತಿಚಕ್ರ ಬಂತು. ಮರುವರ್ಷ ಆಗಸ್ಟ್ 14ರಂದು ಮೀಣ್ಯಂ ಹತ್ತಿರ ಎಸ್‌ಪಿ ಟಿ. ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಬಲಿಯಾದರು. ಇವರನ್ನು ವೀರರು ಎನ್ನಲು ನನಗೆ ಯಾವ ಅಳುಕೂ ಇಲ್ಲ.

ಅದೇ ಕಾಡಿನಲ್ಲಿ, ಅದೇ ವರ್ಷಗಳಲ್ಲಿ, ವೀರಪ್ಪನ್‌ನನ್ನು ಹಿಡಿಯಲು ಬಂದ ಪೊಲೀಸರ ವಿಶೇಷ ಕಾರ್ಯಪಡೆ ಸೋಲಿಗರನ್ನೂ ಕಾಡಂಚಿನ ಬಡವರನ್ನೂ ಹಿಡಿದು ತಂದು ಚಿತ್ರಹಿಂಸೆ ಕೊಟ್ಟಿತು. ಬೆಟ್ಟದ ಮೇಲಿನ ಶಿಬಿರವನ್ನು ಜನ ‘ವರ್ಕ್‌ಶಾಪ್’ ಎಂದು ಕರೆಯುತ್ತಿದ್ದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಮಾಡಿತು. ಹೆಂಗಸರು ಮುಂದೆ ಬಂದು ತಮ್ಮ ಮೇಲೆ ಆದದ್ದನ್ನು ಹೇಳಿದರು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತ. ಕಾರ್ಯಪಡೆಯವರಿಗೆ ಬಹುಮಾನ, ಬಡ್ತಿ, ನಿವೇಶನಗಳ ಘೋಷಣೆಗೆ ತಡವಾಗಲಿಲ್ಲ. ಹಿಂಸೆಗೊಳಗಾದ 89 ಮಂದಿಗೆ ಒಟ್ಟು 2.80 ಕೋಟಿ ಪರಿಹಾರ ಕೊಡಿ ಎಂದು ಆಯೋಗ ಹೇಳಿದ್ದು 2007ರಲ್ಲಿ. ನಡುವಿನ ವರ್ಷಗಳಲ್ಲಿ ಆ ಹೆಂಗಸರ ಮಾತು ಯಾರ ಕಿವಿಗೂ ಬೀಳದಿದ್ದದ್ದು ಏಕೆ? ಇಡೀ ಪಡೆಗೆ ನಾವು ಹೀರೋ ಎಂಬ ಒಂದೇ ಶಾಲು ಹೊದಿಸಿಬಿಟ್ಟಿದ್ದೆವು. ಶಾಲಿನೊಳಗೆ ಶ್ರೀನಿವಾಸರಂಥವರೂ ಇದ್ದರು, ಹಿಂಸೆ ಕೊಟ್ಟವರೂ ಇದ್ದರು. ಶ್ರೀನಿವಾಸರಿಗೆ ಆದ ಅನ್ಯಾಯವೂ ಇದೇ. ಅವರು ಜನರ ನಡುವೆ ಬೇರೆಯದೇ ದಾರಿ ಹಿಡಿದಿದ್ದರು ಎಂಬುದು ಆ ಶಾಲಿನಡಿ ಮುಚ್ಚಿಹೋಗುತ್ತದೆ. ಈ ಊರಿನ ಹೆಡ್ ಕಾನ್‌ಸ್ಟೆಬಲ್ ಅವರನ್ನು ನೀವು ಗೌರವಿಸಿದ್ದು ಅವರ ಖಾಕಿಗಲ್ಲ, ಅವರ ಕೆಲಸಕ್ಕೆ ಎಂದು ನಂಬಿದ್ದೇನೆ.

ಈಗ ನಮ್ಮ ಕಡೆಯವರು, ಮೇಷ್ಟ್ರುಗಳು.

ವೀರಗಲ್ಲು ಮೇಷ್ಟ್ರಿಗೆ ಇಲ್ಲ. ಅವನು ದನ ಬಿಡಿಸಿಕೊಂಡು ಬರುವವನಲ್ಲ. ಆದರೆ ಶಾಸನ ಇದೆ. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಗೆ ಆ ಹೆಸರು ಬಂದದ್ದೇ ಶಾಲೆಯಿಂದ. ಹಳೆಯ ಹೆಸರು ಪಾವಿಟ್ಟಗೆ, ಶಾಲೆ ಸೇರಿ ಶಾಲಾಪಾವಿಟ್ಟಗೆ, ಅದು ಸವೆದು ಸಾಲೋಟಗಿ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಶಾಲೆ ಕಟ್ಟಿಸಿದ. ಕ್ರಿ.ಶ. 945ರ ಶಾಸನ. ಓದುವವರಿಗೆ 27 ಮನೆ, ದೀಪದೆಣ್ಣೆಗೆ 12 ನಿವರ್ತನ (ನಿವರ್ತನ ಎಂದರೆ ಆ ಕಾಲದ ಭೂಮಿಯ ಅಳತೆ) ಭೂಮಿ, ಉಪಾಧ್ಯಾಯನಿಗೆ 50 ನಿವರ್ತನ. ಊರವರ ಪಾಲೂ ಇತ್ತು. ಮದುವೆಯಾದರೆ ಐದು ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ, ಅಂದರೆ ಮಗುವಿನ ಮೊದಲ ಮುಡಿ ತೆಗೆಸುವುದಕ್ಕೆ, ಅದರ ಅರ್ಧ. ಆ ಶಾಲೆಯೊಳಗೆ ನಮ್ಮಲ್ಲಿ ಬಹಳ ಜನರ ಹಿರಿಯರಿಗೆ ಪ್ರವೇಶ ಇರಲಿಲ್ಲ, ಅದನ್ನು ಮರೆಯಬಾರದು. ಹಾಗಿದ್ದರೂ ಮೇಷ್ಟ್ರ ಹೊಟ್ಟೆಪಾಡನ್ನು ಊರಿನ ಮದುವೆಯ ಜೊತೆ ಹೊಸೆದವರು ಲೆಕ್ಕ ಬಲ್ಲವರು.

ಇಲ್ಲಿಂದ ಒಂದು ಗಂಟೆಯ ದಾರಿಯ ಮೈಸೂರಿನಲ್ಲಿ, 1921ರಲ್ಲಿ ರಾಧಾಕೃಷ್ಣನ್ ಅವರು ಮಹಾರಾಜಾ ಕಾಲೇಜು ಬಿಟ್ಟು ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಹೂ ಕಟ್ಟಿದ ಗಾಡಿಯ ಕುದುರೆ ಬಿಚ್ಚಿ ತಾವೇ ರೈಲ್ವೆ ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದರು. ಪ್ರತಿ ಸೆಪ್ಟೆಂಬರ್ 5ಕ್ಕೆ ಈ ಕತೆ ಹೇಳುತ್ತೇವೆ, ನಾನೂ ಎಷ್ಟೋ ಸಲ ಹೇಳಿದ್ದೇನೆ. ಈಗ ಹೇಳುವಾಗ ನಾಲಿಗೆ ತಡವರಿಸುತ್ತದೆ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿಯೊಬ್ಬರು ಗಣಿತ ಹೇಳುತ್ತಿದ್ದರು. ಒಂದು ಸೆಪ್ಟೆಂಬರ್ 5ರಂದು ಅವರಿಗೂ ಗುಲಾಬಿ ಕೊಟ್ಟೆವು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಹತ್ತಿರ ನೂರು ರೂಪಾಯಿ ಸಾಲ ಕೇಳಿದರು. ಜೂನಿನಿಂದ ಹಣ ಬಂದಿರಲಿಲ್ಲ. ಗುಲಾಬಿ ಅವರ ಚೀಲದಿಂದ ಇಣುಕುತ್ತಿತ್ತು. ನಾನು ಹಣ ಕೊಟ್ಟೆ, ಆದರೆ ಮಾರನೆಯ ದಿನ ಯಾರ ಮೇಜನ್ನೂ ಗುದ್ದಿ ಕೇಳಲಿಲ್ಲ. ಅದು ನನ್ನ ತಪ್ಪು.

ಅವರಿಗೆ ಬರುವ ಹಣಕ್ಕೆ ಸರ್ಕಾರ ಇಟ್ಟ ಹೆಸರು ‘ಗೌರವಧನ’. ಈ ಮಾತನ್ನು ಬಿಡಿಸಿ ನೋಡಿ. ಆಶಾ ಕಾರ್ಯಕರ್ತೆಗೆ ಗೌರವಧನ, ಅಂಗನವಾಡಿ ಕಾರ್ಯಕರ್ತೆಗೆ ಗೌರವಧನ, ಅತಿಥಿ ಶಿಕ್ಷಕರಿಗೆ ಗೌರವಧನ. ಜಿಲ್ಲಾಧಿಕಾರಿಗೆ ಮಾತ್ರ ಸಂಬಳ. ಯಾವ ಕೆಲಸಕ್ಕೆ ಹಣದ ಹಿಂದೆ ಗೌರವ ಬಂದು ಕೂತಿತೋ ಅಲ್ಲಿ ಧನ ತೆಳುವಾಯಿತು ಎಂದೇ ಅರ್ಥ. 2020ರ ಮಾರ್ಚಿನಲ್ಲಿ ಜಾಗಟೆ ಬಾರಿಸಿ ಕೊರೊನಾ ಯೋಧರು ಎಂದೆವು. ಜುಲೈನಲ್ಲಿ ಅದೇ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಕೊಡಿ ಎಂದು ಕೆಲಸ ನಿಲ್ಲಿಸಿ ಕೂರಬೇಕಾಯಿತು.

ಅತಿಥಿ ಎಂಬ ಮಾತೂ ಹಾಗೆಯೇ. ತಿಥಿ ಹೇಳದೆ ಬಂದು, ಉಂಡು, ಹೋಗುವವನು ಅತಿಥಿ. ಈ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಪಾಠ ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರಿಂದ. 2024ರ ಜನವರಿಯಲ್ಲಿ ಅವರು ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದರು. ರಾಧಾಕೃಷ್ಣನ್ ಅವರ ಗಾಡಿ ಎಳೆದ ನಾಡಿನಲ್ಲಿ ಮೇಷ್ಟ್ರುಗಳು ಹೆದ್ದಾರಿಯ ಡಾಂಬರಿನ ಮೇಲೆ ನಡೆದರು. ನಾವು ಕಾರಿನ ಗಾಜು ಏರಿಸಿಕೊಂಡು ಪಕ್ಕದಲ್ಲಿ ಹಾದುಹೋದೆವು.

ಕಾಯಂ ಆದವರ ಪಾಡೂ ಪೂರ್ತಿ ಹಗುರವಲ್ಲ. ಚುನಾವಣೆ, ಮತಪಟ್ಟಿ, ಗಣತಿ, ಎಲ್ಲದಕ್ಕೂ ಮೇಷ್ಟ್ರು. ಈ ವರ್ಷ ಸೆಪ್ಟೆಂಬರ್ 22ರಿಂದ ಮನೆಮನೆ ಸಮೀಕ್ಷೆಗೆ ಹೋದರು, ಅದು ಮುಗಿಯದೆ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆಯಬೇಕಾಯಿತು. ಸಮೀಕ್ಷೆ ಬೇಡ ಎನ್ನುವವನು ನಾನಲ್ಲ. ಪಾಠ ಹೇಳುವುದು ಯಾವಾಗ ಬೇಕಾದರೂ ನಿಲ್ಲಿಸಬಹುದಾದ ಕೆಲಸ ಎಂದು ನಾವೆಲ್ಲ ಎಷ್ಟು ಸಲೀಸಾಗಿ ಒಪ್ಪಿಕೊಂಡೆವು ಎಂಬುದು ನನ್ನ ಸಂಕಟ. ‘ಗುರು ಬ್ರಹ್ಮ’ ಎನ್ನುವ ಬಾಯಲ್ಲೇ ಮಗನಿಗೆ ‘ಬೇರೇನೂ ಸಿಗಲಿಲ್ಲ ಅಂದ್ರೆ ಬಿ.ಎಡ್. ಮಾಡು’ ಎನ್ನುತ್ತೇವೆ. ಸೈನಿಕನಿಗೆ ಸೆಲ್ಯೂಟ್ ಹೊಡೆಯುವ ಮನೆಯಲ್ಲಿ ‘ಮಿಲ್ಟ್ರಿಯವನಿಗೆ ಹೆಣ್ಣು ಕೊಡೋದಾ’ ಎಂಬ ಮಾತು ಬರುತ್ತದೆ. ನಮ್ಮ ನಿಜವಾದ ಬೆಲೆಪಟ್ಟಿ ಈ ಪಿಸುಮಾತುಗಳಲ್ಲಿದೆ.

ನನ್ನ ಮಾತು ಇಷ್ಟು.

(ಆಮೇಲೆ ಎರಡನೇ ವರ್ಷದ ಬಿ.ಎ. ಓದುವ ಹುಡುಗಿಯೊಬ್ಬಳು ಎದ್ದು, ‘ಹಾಗಾದ್ರೆ ಹೀರೋ ಅಂತ ಕರೀಲೇಬಾರದಾ ಸರ್?’ ಎಂದು ಕೇಳಿದಳು.)

ಕರೆಯಮ್ಮ, ಧಾರಾಳವಾಗಿ ಕರೆ. ಕರೆಯುವಾಗ ಆತಕೂರಿನ ಕಲ್ಲಿನ ಹಾಗೆ ಬರೆ. ಅದರಲ್ಲಿ ಯಾರು ಸತ್ತರು ಎಂದಿದೆ, ಏನು ಮಾಡಿ ಸತ್ತರು ಎಂದಿದೆ, ಅದಕ್ಕೆ ಏನು ಕೊಟ್ಟೆವು ಎಂದಿದೆ, ಅದು ತಪ್ಪಿದರೆ ಹೊಣೆ ಯಾರು ಎಂದೂ ಇದೆ. ಇವತ್ತು ನೀವು ಓದಿದ ಮೂರು ಸನ್ಮಾನಪತ್ರಗಳಲ್ಲಿ ಯಾರು, ಏನು ಮಾಡಿದರು ಎಂಬ ಮೊದಲೆರಡು ಸಂಗತಿ ಮಾತ್ರ ಇದ್ದವು. ಮುಂದಿನ ವರ್ಷ ಕೆಳಗೆ ಒಂದಷ್ಟು ಜಾಗ ಬಿಟ್ಟು ಬರೆಯಿರಿ. ಬೆಳಗ್ಗೆಯಿಂದ ಈ ಸಭೆಯ ನಿರೂಪಣೆ ಮಾಡುತ್ತಾ, ನಡುನಡುವೆ ಕುರ್ಚಿಯನ್ನೂ ಎತ್ತಿಹಾಕುತ್ತಾ ಓಡಾಡುತ್ತಿರುವ ಮೇಡಂ ಇಲ್ಲಿ ಅತಿಥಿ ಉಪನ್ಯಾಸಕಿ ಎಂದು ಯಾರೋ ಹೇಳಿದರು. ಅವರಿಂದಲೇ ಶುರು ಮಾಡಬಹುದು.

(ಸಭೆ ಮುಗಿದ ಮೇಲೆ ಆ ಹುಡುಗಿ ನೋಟ್‌ಬುಕ್ ಹಿಡಿದು ಮೇಡಂ ಹತ್ತಿರ ಹೋಗಿ ನಿಂತಿದ್ದನ್ನು ನೋಡಿದೆ. ಎಷ್ಟು ವರ್ಷ ಆಯಿತು ಮೇಡಂ ಎಂದು ಕೇಳುತ್ತಿದ್ದಳು. ಹದಿನಾಲ್ಕು ಎಂದರು ಅವರು. ಅವಳು ಬರೆದುಕೊಂಡಳು.)